ಇಸ್ತ್ರಿ ಮೇಜಿನ ಕೆಳಗೆ ಕಾಳಿನ ಗಂಟು

ನಮ್ಮ ಬೀದಿಯವರ ಬಟ್ಟೆಯ ಸುಕ್ಕು ತೆಗೆಯುವವನು ಒಬ್ಬನೇ. ಚಿಕ್ಕವರು, ದೊಡ್ಡವರು ಎಲ್ಲರೂ ಅವನನ್ನು ಇಸ್ತ್ರಿ ಅಣ್ಣ ಎಂದೇ ಕರೆಯುತ್ತಾರೆ. ಅವನ ಅಂಗಡಿಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ನನ್ನ ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಎದುರು ಬಾಗಿಲಲ್ಲೇ ಇರುತ್ತದೆ. ಅದು ಅಭ್ಯಾಸವೋ ದುರಭ್ಯಾಸವೋ, ಅಂತೂ ಇಲ್ಲಿ ಸೇರಿರುವ ನಮ್ಮ ಸಂಘದವರಲ್ಲಿ ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಉದ್ದನೆಯ ಮೇಜು, ಅದರ ಮೇಲೆ ಹಾಸಿದ ಕಂಬಳಿ, ಕೆಂಡ ತುಂಬಿದ ಭಾರದ ಇಸ್ತ್ರಿ ಪೆಟ್ಟಿಗೆ. ಮೇಜಿನ ಕೆಳಗೆ ಹಳೆ ಬಟ್ಟೆಯಲ್ಲಿ ಕಟ್ಟಿಟ್ಟ ಗಿರಾಕಿಗಳ ಗಂಟುಗಳು. ಅವನು ಇಸ್ತ್ರಿ ಹಾಕುತ್ತಾನೆ, ಹೆಂಡತಿ ಮಡಿಚುತ್ತಾಳೆ. ಅವನ ತಾಯಿ, ಅಂದರೆ ನಮ್ಮೆಲ್ಲರ ಅಜ್ಜಿ, ಒಳಬಾಗಿಲಲ್ಲಿ ಕೂತು ಕಿತ್ತುಹೋದ ಗುಂಡಿ ಹಾಕುತ್ತಾಳೆ. ಹೆಂಡತಿ ಆಗ ಐದು ತಿಂಗಳ ಬಸುರಿ. ಚೊಚ್ಚಲ ಬಸುರು ಬೇರೆ, ಇಸ್ತ್ರಿ ಅಣ್ಣನ ಕಾಲು ನೆಲದ ಮೇಲಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಸುಟ್ಟ ವಾಸನೆ ನನ್ನ ಅಂಗಡಿಯವರೆಗೂ ಬಂತು. ಹೋಗಿ ನೋಡಿದರೆ ಆ ಬಸುರಿ ಹುಡುಗಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಾಳೆ, ಮುಖ ಬಿಳಿಚಿಕೊಂಡಿದೆ. ಗಂಡ ಇದ್ದಿಲು ತರಲು ಒಳಗೆ ಹೋದಾಗ ಇವಳು ಪೆಟ್ಟಿಗೆ ಹಿಡಿದಿದ್ದಳಂತೆ. ತಲೆ ಸುತ್ತಿ ಕುಸಿದಿದ್ದಳು. ಪೆಟ್ಟಿಗೆ ಅವಳ ಮೇಲೆ ಬೀಳದೆ ಬಟ್ಟೆಯ ಮೇಲೇ ಉಳಿದದ್ದು ಪುಣ್ಯ. ಸುಟ್ಟದ್ದು ಆರೋಗ್ಯ ಕೇಂದ್ರದ ಸಿಸ್ಟರ್‌ ಅವರ ಬಿಳಿ ಕೋಟು. ಅದೇ ಹೊತ್ತಿಗೆ ಕೋಟು ತಗೊಂಡು ಹೋಗಲು ಸಿಸ್ಟರ್‌ ಅವರೇ ಬಾಗಿಲಿಗೆ ಬಂದರು.

"ಸಿಸ್ಟರ್, ನಿಮ್ಮ ಕೋಟು..." ಎಂದು ಇಸ್ತ್ರಿ ಅಣ್ಣ ತೊದಲಿದ.

"ಕೋಟು ಹಾಳಾಗ್ಲಿ, ಪಕ್ಕಕ್ಕೆ ಸರೀರಿ," ಎಂದು ಅವರು ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ತೋರಿಸು ಅಂದರು. ತಕ್ಷಣ ಆಟೋ ಕರೆಸಿದರು.

ಮಧ್ಯಾಹ್ನ ಗಂಡಹೆಂಡತಿ ವಾಪಸು ಬಂದರು. ಸಂಜೆ ಕೆಲಸ ಮುಗಿಸಿ ಸಿಸ್ಟರ್‌ ಅವರೂ ಬಂದು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

"ರಕ್ತ, ಅಂದ್ರೆ ಹಿಮೋಗ್ಲೋಬಿನ್, ಎಂಟಕ್ಕೆ ಇಳಿದಿದೆ. ಹನ್ನೊಂದಾದ್ರೂ ಇರಬೇಕು. ಇದು ಹೀಗೇ ಇದ್ದರೆ ಹೆರಿಗೆ ನಮ್ಮ ಕೇಂದ್ರದಲ್ಲಿ ಆಗಲ್ಲ, ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕು. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದೀನಿ. ರಕ್ತ ಕಡಿಮೆ ಇರೋ ಹೆಣ್ಣುಮಗಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದ್ರೂ ಜೀವಕ್ಕೇ ಕುತ್ತು."

ಹುಡುಗಿ ಅತ್ತೆಯ ಕೈ ಹಿಡಿದುಕೊಂಡಳು. ಇಸ್ತ್ರಿ ಅಣ್ಣ ಎದ್ದು ನಿಂತ.

"ಏನು ಕಡಿಮೆ ಮಾಡಿದೀನಿ ಸಿಸ್ಟರ್ ನಾನು? ಬನ್ನಿ ಇಲ್ಲಿ, ನೋಡಿ!" ಎಂದು ಕಪಾಟಿನ ಬಾಗಿಲು ತೆರೆದ.

ಒಳಗೆ ಒಂದು ಚಿಕ್ಕ ಅಂಗಡಿಯೇ ಇತ್ತು. ಹಾಲಿಗೆ ಬೆರೆಸುವ ಪುಡಿಯ ಡಬ್ಬ, ಕೆನೆ ತುಂಬಿದ ಬಿಸ್ಕತ್ತು, ಹಣ್ಣಿನ ಚಿತ್ರ ಇರುವ ಜ್ಯೂಸು, ಬಿಸಿನೀರು ಹಾಕಿದರೆ ತಿನ್ನಲು ತಯಾರಾಗುವ ಪೊಟ್ಟಣಗಳು. ಪಾಪ, ತನಗೆ ಹೊಸ ಚಪ್ಪಲಿ ಕೊಳ್ಳದೆ ಹೆಂಡತಿಗೆ ತಂದಿಟ್ಟಿದ್ದ. ನನಗೆ ಅವನ ಮೇಲೆ ಸಿಟ್ಟು ಬರಬೇಕೋ ಅಯ್ಯೋ ಅನ್ನಿಸಬೇಕೋ ಗೊತ್ತಾಗಲಿಲ್ಲ.

ಸಿಸ್ಟರ್ ಒಂದು ಡಬ್ಬದ ಹಿಂಭಾಗ ಓದಿದರು. "ಇದರಲ್ಲಿ ಮೊದಲನೆಯದು ಸಕ್ಕರೆ. ಬಿಸ್ಕತ್ತಲ್ಲಿ ಮೈದಾ, ಸಕ್ಕರೆ, ಎಣ್ಣೆ. ಜ್ಯೂಸಲ್ಲಿ ಹಣ್ಣು ಹುಡುಕಿದ್ರೂ ಸಿಗಲ್ಲ. ಹೊಟ್ಟೆ ತುಂಬುತ್ತೆ ಅಷ್ಟೇ. ಮನೇಲಿ ಅಡುಗೆ ಏನು ಮಾಡ್ತೀರ?"

"ಇವಳನ್ನ ಒಲೆ ಮುಂದೆ ನಿಲ್ಲಿಸಲ್ಲ ನಾನು," ಎಂದ ಅವನು. ದನಿ ಗಟ್ಟಿಯಾಯಿತು. "ನಮ್ಮಮ್ಮನ್ನ ನೋಡಿದೀನಲ್ಲ. ಬೀಸೋದು, ಕುಟ್ಟೋದು, ಕಾಳು ನೆನೆಹಾಕೋದು, ಊದುಗೊಳವೆ ಹಿಡಿದು ಕಣ್ಣೀರು ಸುರಿಸೋದು. ನಾನು ಸಂಪಾದನೆ ಮಾಡಿದ ಮೇಲೆ ನನ್ನ ಹೆಂಡತಿಗೆ ಆ ಗತಿ ಬರಬಾರದು ಅಂತ ಆವತ್ತೇ ಅಂದ್ಕೊಂಡೆ. ಕಾಳು ಸೊಪ್ಪು ಏನೂ ಗತಿ ಇಲ್ಲದೋರ ಊಟ ಸಿಸ್ಟರ್!"

ಅಜ್ಜಿ ಬಾಯಲ್ಲಿದ್ದ ದಾರ ಕಚ್ಚಿ ತುಂಡು ಮಾಡಿದಳು. "ನನ್ನ ಕಣ್ಣಲ್ಲಿ ನೀರು ತರಿಸಿದ್ದು ಹೊಗೆ ಕಣೋ. ಕಾಳು ನನಗೇನು ಮಾಡಿತ್ತು?"

ಅವನು ಕಪಾಟಿನ ಬಾಗಿಲು ಮುಚ್ಚಿದ.

"ಈಗ ಮನೇಲಿ ಗ್ಯಾಸ್ ಇದೆ, ಮಿಕ್ಸಿ ಇದೆ," ಎಂದು ಅಜ್ಜಿ ಮುಂದುವರಿಸಿದಳು. "ಹೊಗೆ ಹೋಯ್ತು, ಒಳ್ಳೇದಾಯ್ತು. ಅದರ ಜತೆಗೆ ಊಟಾನೂ ಯಾಕೋ ಆಚೆ ಹಾಕಿದೆ?"

ಸಿಸ್ಟರ್‌ ನಕ್ಕರು. "ಅಜ್ಜಿ ಹೇಳಿದ್ದೇ ಸರಿ. ಹಿಂದಿನೋರು ಸುಮ್ಸುಮ್ನೆ ಕಾಳು ನೆನೆಸ್ತಿರಲಿಲ್ಲ. ನೆನೆಸಿ ಮೊಳಕೆ ಬರಿಸಿದ್ರೆ ಅದರಲ್ಲಿರೋ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಸೇರುತ್ತೆ. ಮೇಲೆ ನಿಂಬೆಹಣ್ಣು ಹಿಂಡಿದ್ರೆ ಇನ್ನೂ ಒಳ್ಳೇದು. ಸೊಪ್ಪನ್ನ ತೊಳೆದು ಆಮೇಲೆ ಹೆಚ್ಚಬೇಕು, ಹೆಚ್ಚಿದ ಮೇಲೆ ತೊಳೆದ್ರೆ ಸತ್ವ ಎಲ್ಲ ಮೋರಿ ಪಾಲು. ಬೇಯಿಸಿದ ನೀರು ಚೆಲ್ಲಬಾರದು, ಸಾರಿಗೆ ಹಾಕಿ. ತೀರಾ ಪಾಲಿಶ್ ಮಾಡಿದ ಧಾನ್ಯ ಬಿಟ್ಟು ತೌಡು ಉಳಿದಿರೋದು ತನ್ನಿ. ದಿನಾ ಒಂದು ಬಟ್ಟಲು ಮನೇಲಿ ಹೆಪ್ಪು ಹಾಕಿದ ಮೊಸರು. ನಾನು ಕೊಟ್ಟಿರೋ ಮಾತ್ರೆ ಮಾತ್ರ ಒಂದು ದಿನಾನೂ ತಪ್ಪಿಸಬೇಡಿ. ಊಟ ಮಾತ್ರೆ ಎರಡೂ ಜೊತೇಲಿ ಹೋಗಬೇಕು. ಮಾತ್ರೆ ನುಂಗಿದ ತಕ್ಷಣ, ಊಟ ಆದ ತಕ್ಷಣ ಟೀ ಬೇಡ, ಅದು ಕಬ್ಬಿಣನ ಮೈಗೆ ಸೇರೋಕೆ ಬಿಡಲ್ಲ."

"ಇದನ್ನೆಲ್ಲ ಮಾಡೋರು ಯಾರು? ಇವಳ ಕೈಲಿ ಆಗಲ್ಲ, ಅಮ್ಮನಿಗೂ ವಯಸ್ಸಾಯ್ತು."

"ನಿನಗೆ ಕೈ ಇಲ್ವಾ?" ಎಂದು ಅಜ್ಜಿ ಕೇಳಿದಳು. ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಂತೂ ನಮ್ಮ ಇಸ್ತ್ರಿ ಅಣ್ಣ ಒಲ್ಲದ ಮನಸ್ಸಿನಿಂದ ಅಡುಗೆಮನೆ ಹೊಕ್ಕ. ಅಜ್ಜಿ ಮೊದಲು ಕೇಳಿದ್ದು ತನ್ನ ಕಬ್ಬಿಣದ ಬಾಣಲೆ ಎಲ್ಲಿ ಎಂದು. ಮಗರಾಯ ಅದನ್ನು ಮೇಜಿನ ಪಕ್ಕ ಇಟ್ಟುಕೊಂಡು ಬೂದಿ ಸುರಿಯಲು ಬಳಸುತ್ತಿದ್ದ! ಅಜ್ಜಿ ಅವನಿಗೆ ಮಂಗಳಾರತಿ ಎತ್ತುತ್ತಲೇ ಬಾಣಲೆ ತಿಕ್ಕಿಸಿದಳು. ಎಣ್ಣೆ ಸವರಿ ಕಾಯಿಸಿಟ್ಟ ಮೇಲೆ ಅದರಲ್ಲಿ ಸೊಪ್ಪಿನ ಪಲ್ಯ ಶುರುವಾಯಿತು. ಒಗ್ಗರಣೆಯ ಘಮ ಬಂದಾಗ ನನ್ನ ಹೊಲಿಗೆಯ ನೇರ ತಪ್ಪುತ್ತಿತ್ತು.

ಮೊಳಕೆ ಬರಿಸಲು ಬೆಚ್ಚಗಿನ ಜಾಗ ಬೇಕಲ್ಲ. ಆ ಮನೆಯಲ್ಲಿ ಇಸ್ತ್ರಿ ಮೇಜಿನ ಕೆಳಭಾಗಕ್ಕಿಂತ ಬೆಚ್ಚಗಿನ ಜಾಗ ಎಲ್ಲಿದೆ? ಅಣ್ಣ ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಅದರ ಮೇಲೆ ಒಣ ಬಟ್ಟೆ ಸುತ್ತಿ ಅಲ್ಲೇ ಇಟ್ಟ. ಗಿರಾಕಿಗಳ ಗಂಟಿನ ಪಕ್ಕದಲ್ಲಿ, ಅಂಥದೇ ಹಳೆ ಬಟ್ಟೆಯಲ್ಲಿ. ಮುಂದೇನಾಯಿತು ಅಂತ ನಾನು ಹೇಳಬೇಕೆ?

ಮರುದಿನ ಬ್ಯಾಂಕಿನ ಮ್ಯಾನೇಜರು ಲುಂಗಿಯಲ್ಲೇ ಓಡಿಬಂದರು.

"ಏನಪ್ಪಾ ಇದು? ಎರಡು ಅಂಗಿ ಒಂದು ಪ್ಯಾಂಟು ಕಳಿಸಿದ್ದೆ. ಗಂಟು ಬಿಚ್ಚಿದ್ರೆ ಮೊಳಕೆ ಬಂದಿದೆ!"

ಇಸ್ತ್ರಿ ಅಣ್ಣ ತಲೆ ಕೆರೆದುಕೊಂಡ. "ಸಾರ್, ಅದು ನಮ್ಮ ಮನೆ ಕಾಳು. ಕೊಡಿ ಸಾರ್."

"ಎಲ್ಲಿಂದ ಕೊಡ್ಲಿ? ನನ್ನ ಹೆಂಡತಿ ಬೇಯಿಸಿ ಆಯ್ತು. ಇಷ್ಟು ಚೆನ್ನಾಗಿ ಮೊಳಕೆ ಹೇಗೆ ಬರಿಸಿದ್ರಿ ಅಂತ ಕೇಳ್ಕೊಂಡು ಬಾ ಅಂದಿದಾಳೆ. ಮೊದಲು ನನ್ನ ಪ್ಯಾಂಟು ಕೊಡು ಮಾರಾಯ, ಆಫೀಸಿಗೆ ಹೊತ್ತಾಯ್ತು!"

ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಇಸ್ತ್ರಿ ಅಣ್ಣನ ಕೈರುಚಿಯ ಸುದ್ದಿ ಹಬ್ಬಿತು. ಬಟ್ಟೆ ಕೊಡಲು ಬರುವವರು ಸರಿಯಾಗಿ ಊಟದ ಹೊತ್ತಿಗೇ ಬರತೊಡಗಿದರು. ಅವನೋ, ಯಾರಾದರೂ ಹೊಗಳಿದರೆ ಉಬ್ಬಿಹೋಗುವ ಪ್ರಾಣಿ. "ರುಚಿ ನೋಡಿ, ರುಚಿ ನೋಡಿ" ಎಂದು ಬಟ್ಟಲು ಬಟ್ಟಲು ಕೊಟ್ಟ.

ಮುಂದಿನ ತಿಂಗಳು ರಕ್ತ ಪರೀಕ್ಷೆ ಆಯಿತು. ಎಂಟೂವರೆ.

ಇಸ್ತ್ರಿ ಅಣ್ಣ ಕೇಂದ್ರದಿಂದ ಬಂದವನೇ ಸೌಟನ್ನು ಮೂಲೆಗೆ ಎಸೆದ. "ನಾನು ಮೊದಲೇ ಹೇಳಲಿಲ್ವಾ? ಸೊಪ್ಪು ಕಾಳು ಅಂತ ಒಂದು ತಿಂಗಳು ಹಾಳು ಮಾಡಿದ್ರಿ. ಇವಳಿಗೆ ಏನಾದ್ರೂ ಆದ್ರೆ ನಾನೇನು ಮಾಡ್ಲಿ? ಹೇಳಿ ಎಲ್ಲರೂ!" ಹೇಳುತ್ತಾ ಹೇಳುತ್ತಾ ಮೇಜಿಗೆ ಮುಖ ಒತ್ತಿ ಅತ್ತೇಬಿಟ್ಟ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನೋಡಿ ನಾನು ಕೈಯಲ್ಲಿದ್ದ ಹೊಲಿಗೆ ಕೆಳಗಿಟ್ಟೆ.

ಮರುದಿನ ಊಟದ ಹೊತ್ತಿಗೆ, ಹೇಳದೆ ಕೇಳದೆ ಸಿಸ್ಟರ್‌ ಬಂದರು. ನನ್ನ ಅಂಗಡಿಯಲ್ಲಿ ಕೂತು ಸುಮ್ಮನೆ ಎದುರು ಮನೆ ನೋಡಿದರು. ಅವತ್ತು ಅಜ್ಜಿ ಮಾಡಿದ್ದ ಅಡುಗೆಯನ್ನು ಹುಡುಗಿ ಗಂಡನಿಗೆ ಬಡಿಸಿದಳು. ಅತ್ತೆಗೆ ಬಡಿಸಿದಳು. ಬಟ್ಟೆ ತಂದ ಇಬ್ಬರು ರುಚಿ ನೋಡಿದರು. ಒಬ್ಬರು ಎರಡನೇ ಸಲವೂ ರುಚಿ ನೋಡಿದರು. ಎಲ್ಲರೂ ಕೈ ತೊಳೆದ ಮೇಲೆ ಅವಳು ಬಾಣಲೆ ಕೆರೆದು, ಉಳಿದ ತಿಳಿಗೆ ಅನ್ನ ಕಲಸಿಕೊಂಡು ಗೋಡೆ ಕಡೆ ತಿರುಗಿ ಕೂತಳು.

ಸಿಸ್ಟರ್‌ ಎದ್ದು ಹೋಗಿ ಅವಳ ತಟ್ಟೆಯನ್ನು ಎತ್ತಿ ಇಸ್ತ್ರಿ ಅಣ್ಣನ ಮುಂದೆ ಹಿಡಿದರು. "ಊಟ ಒಳ್ಳೇದೇ ಮಾಡ್ತಿದೀರ. ಆದ್ರೆ ಅದು ಬೀದಿಗೆಲ್ಲ ಹೋಗ್ತಿದೆ, ಇವಳಿಗೆ ಮಾತ್ರ ಹೋಗ್ತಿಲ್ಲ. ಇದರಲ್ಲಿ ಕಾಳು ಎಲ್ಲಿದೆ ತೋರಿಸಿ."

ಅವನು ತಟ್ಟೆ ನೋಡಿದ, ಹೆಂಡತಿಯನ್ನು ನೋಡಿದ. "ಯಾಕೆ ಹೇಳಲಿಲ್ಲ ನೀನು?"

"ಎಲ್ಲರದ್ದೂ ಆದ ಮೇಲೆ ಉಂಡರಾಯ್ತು ಅಂತ... ನಮ್ಮ ತವರಲ್ಲೂ ಹಾಗೇ ರೀ," ಎಂದಳು ಹುಡುಗಿ.

ಆಗ ಅಜ್ಜಿ ನಿಧಾನವಾಗಿ ಎದ್ದು ಬಂದಳು. ಸೊಸೆಯ ತಲೆ ಸವರಿದಳು. "ನಾನೂ ಹಾಗೇ ಉಂಡವಳು ಮಗಾ. ನಾನು ಮಾಡಿದ ಕಾಳು ಎಲ್ಲರ ತಟ್ಟೇಲೂ ಇರ್ತಿತ್ತು, ನನ್ನ ತಟ್ಟೇಲಿ ಇರ್ತಿರಲಿಲ್ಲ. ಇವನನ್ನ ಹೆತ್ತಾಗ ಎಷ್ಟೋ ಹೊತ್ತು ನನಗೆ ಎಚ್ಚರಾನೇ ಇರಲಿಲ್ಲ, ಬದುಕಿದ್ದೇ ಹೆಚ್ಚು." ಆಮೇಲೆ ಮಗನ ಕಡೆ ತಿರುಗಿದಳು. "ಅಡುಗೆ ನನ್ನ ಕಾಲದ್ದು ತಗೋ. ಊಟದ ಸರದಿ ನನ್ನ ಕಾಲದ್ದು ಬೇಡ."

ಅವನು ಮೂಲೆಯಲ್ಲಿ ಬಿದ್ದಿದ್ದ ಸೌಟು ತೊಳೆದು ತಂದ.

ಅವತ್ತಿನಿಂದ ಆ ಮನೆಯಲ್ಲಿ ಮೊದಲ ತಟ್ಟೆ ಅವಳದು. ಮೊಳಕೆ ಕಾಳು ಚೆನ್ನಾಗಿ ಬೇಯಿಸಿ (ಬಸುರಿಯರಿಗೆ ಹಸಿ ಮೊಳಕೆ ಕೊಡಬೇಡಿ ಎಂದು ಸಿಸ್ಟರ್‌ ಒತ್ತಿ ಹೇಳಿದ್ದಾರೆ), ಮೇಲೆ ನಿಂಬೆಹಣ್ಣು, ಪಕ್ಕದಲ್ಲಿ ಸೊಪ್ಪು, ಒಂದು ಬಟ್ಟಲು ಮೊಸರು. ಮೊದಮೊದಲು ಅವಳು ನಾಚಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಅಜ್ಜಿ ಎದುರಿಗೆ ಕೂತು, ತಟ್ಟೆ ಖಾಲಿಯಾಗುವವರೆಗೆ ಬೀದಿಯವರ ಬಣ್ಣದ ಕಥೆಗಳನ್ನು ಹೇಳುತ್ತಿದ್ದಳು. ಅದರಲ್ಲಿ ನನ್ನ ಕಥೆಯೂ ಇತ್ತಂತೆ, ಇರಲಿ ಬಿಡಿ. ರುಚಿ ನೋಡಲು ಬಂದವರಿಗೆ ಇಸ್ತ್ರಿ ಅಣ್ಣ ಈಗ ಒಂದು ಹಿಡಿ ಒಣ ಕಾಳು ಕೊಟ್ಟು, "ಮನೆಗೆ ಹೋಗಿ ನೆನೆಹಾಕಿ" ಎನ್ನುತ್ತಿದ್ದ. ಬ್ಯಾಂಕಿನ ಮ್ಯಾನೇಜರೂ ಅದನ್ನು ಮರುಮಾತಿಲ್ಲದೆ ಜೇಬಿಗೆ ಹಾಕಿಕೊಂಡರು.

ಅವಳ ಕೆನ್ನೆಗೆ ಬಣ್ಣ ಬಂತು, ತಲೆಸುತ್ತು ನಿಂತಿತು. ಕೊನೆಯ ಪರೀಕ್ಷೆಯಲ್ಲಿ ರಕ್ತ ಹನ್ನೊಂದು ದಾಟಿತ್ತು. ದೊಡ್ಡಾಸ್ಪತ್ರೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ನಮ್ಮ ಕೇಂದ್ರದಲ್ಲೇ ಸುಸೂತ್ರವಾಗಿ ಹೆರಿಗೆಯಾಯಿತು. ಹೆಣ್ಣುಮಗು, ತೂಕ ಚೆನ್ನಾಗಿತ್ತು, ದನಿಯಂತೂ ಕೇಳಲೇಬೇಡಿ.

ನಾವೆಲ್ಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಸಿಸ್ಟರ್‌ ಕರೆದಾಗ ಒಳಗೆ ಹೋದೆವು. ಇಸ್ತ್ರಿ ಅಣ್ಣ ಮಗುವನ್ನು ನೋಡುವ ಮೊದಲು ಹೆಂಡತಿಯ ಹಣೆ ಮುಟ್ಟಿ, "ಹೇಗಿದೀಯ?" ಎಂದ. ಅವಳು ಕಣ್ಣು ಬಿಟ್ಟು ನಮ್ಮೆಲ್ಲರ ಎದುರಿಗೇ ಹೇಳಿದಳು.

"ತುಂಬಾ ಹಸಿವಾಗಿದೆ ರೀ."

ಒಂದು ಮನೆಯ ಸೊಸೆ ಅತ್ತೆಯ ಮುಂದೆ, ಗಂಡನ ಮುಂದೆ, ಬೀದಿಯವರ ಮುಂದೆ ಬಾಯಿಬಿಟ್ಟು ಹಸಿವು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಅಳುತ್ತಾ ನಗುತ್ತಾ ಊಟ ತರಲು ಓಡಿದಳು.

ಸಂಘದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಹಿರಿಯರ ಅಡುಗೆ ನಮ್ಮ ಕೈಗೆ ಎಟುಕದ ವಿದ್ಯೆಯೇನಲ್ಲ. ಇವತ್ತು ರಾತ್ರಿ ಮಲಗುವ ಮೊದಲು ಒಂದು ಹಿಡಿ ಕಾಳು ನೆನೆಹಾಕಿ. ಸೊಪ್ಪು ತೊಳೆದು ಹೆಚ್ಚಿ, ಬೇಯಿಸಿದ ನೀರು ಚೆಲ್ಲಬೇಡಿ. ಪೊಟ್ಟಣದ ತಿಂಡಿಗೆ ಕೊಡುವ ದುಡ್ಡನ್ನು ಸೊಪ್ಪು, ಕಾಳು, ಹಣ್ಣಿಗೆ ಕೊಡಿ. ಮನೆಯಲ್ಲಿ ಬಸುರಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಪ್ಪಿಸಬೇಡಿ. ಅಡುಗೆ ಮನೆಮಂದಿಯ ಕೆಲಸ, ಗಂಡಸರೂ ಸೌಟು ಹಿಡಿಯಿರಿ.

ಇನ್ನೊಂದು ಮಾತು. ಇವತ್ತು ಊಟಕ್ಕೆ ಕೂರುವಾಗ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಅಂತ ನೋಡಿ. ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಅವರಿಗೆ ಬಡಿಸಿ.