ಎಂಬತ್ತನಾಲ್ಕರಿಂದಾಚೆಯ ಹರಕುಟೋಪಿ

ಮೂವತ್ತು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿಯದಿದ್ದ ಅಕ್ಷರದಮ್ಮನ ಮೈದುನ ಆ ದಿನ ಬೆಳಿಗ್ಗೆ ಹತ್ತೂವರೆಗೆ ಬಂದು, ಕೈಯಲ್ಲಿದ್ದ ಕೊಡೆಯನ್ನೂ ಕೆಳಗಿಡದೆ, ಹಜಾರದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಎದುರಿಗೆ ಅವನ ಅಣ್ಣ, ಅವಳ ಗಂಡ. ಒಬ್ಬರ ಮುಖ ಒಬ್ಬರು ನೋಡಬಾರದೆಂದು ಇಬ್ಬರೂ ನಡುವೆ ಕೂತಿದ್ದ, ಪ್ರಕಾಶನದಿಂದ ಬಂದ ಸಂಪಾದಕಿಯ ಮುಖವನ್ನೇ ದಿಟ್ಟಿಸುತ್ತಿದ್ದರು. ಪಾಪ, ಆ ಹುಡುಗಿಗೆ ಯಾವ ಕಡೆ ತಿರುಗಿ ನಗಬೇಕೋ ತಿಳಿಯುತ್ತಿರಲಿಲ್ಲ.

ಅಕ್ಷರದಮ್ಮ ಚಹಾ ತಂದಿಟ್ಟಳು. ಆ ಹೆಸರಿಟ್ಟವರು ಹಳೇ ಪ್ರೆಸ್ಸಿನವರು. ಗಂಡ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುವುದು, ಈಕೆ ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬುವುದು, ಮೈದುನ ಪೆನ್ಸಿಲ್ ಗೆರೆಯ ಮೇಲೆ ಇಂಕು ಹಾಕಿ, ಒಣಗಿದ ಮೇಲೆ ಪೆನ್ಸಿಲನ್ನು ರಬ್ಬರಿನಿಂದ ತಿಕ್ಕಿ ತೆಗೆದು ಪ್ರೆಸ್ಸಿಗೆ ಕೊಡುವುದು. ಹೀಗೆ ಮೂವರು ಸೇರಿ ಒಂಬತ್ತು ವರ್ಷಕ್ಕೂ ಮಿಕ್ಕಿ, ತಿಂಗಳಿಗೊಂದರಂತೆ, 'ಹರಕುಟೋಪಿ' ಕಾಮಿಕ್ಸಿನ ನೂರಹನ್ನೆರಡು ಸಂಚಿಕೆ ತಂದಿದ್ದರು. ಹರಕುಟೋಪಿ ಎಂದರೆ ತಲೆಗೆ ಬಹುಮಾನ ಕಟ್ಟಿಸಿಕೊಂಡ ಕೌಬಾಯ್ ಬಂದೂಕುಗಾರ. ಸರ್ಕಾರದ ಲೆಕ್ಕದಲ್ಲಿ ಡಕಾಯಿತ, ಓದುಗರ ಲೆಕ್ಕದಲ್ಲಿ ದೇವರು. ಅವನ ಟೋಪಿಯಲ್ಲಿ ಒಂದು ಗುಂಡಿನ ತೂತು, ಸೊಂಟದಲ್ಲಿ ಒಂದೇ ಪಿಸ್ತೂಲು, ಹಿಂದೆ ಸದಾ ಊರ ಪೊಲೀಸ್ ಅಧಿಕಾರಿ ಷರೀಫನ ಕುದುರೆಗಳ ಧೂಳು. ಹುಲ್ಲುಗಾವಲಿನ ಬಡವರಿಂದ ಜಮೀನ್ದಾರರು ಕಿತ್ತುಕೊಂಡ ಜಮೀನಿನ ಪತ್ರಗಳನ್ನು ಸಾರೋಟು ತಡೆದು ದೋಚಿ, ಅವರವರ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ.

ಈಗ ಅವೆಲ್ಲ ಸೇರಿ ನಾಲ್ಕು ದಪ್ಪ ಸಂಪುಟಗಳಾಗಿ ಬರಲಿದ್ದವು. ಒಪ್ಪಂದಕ್ಕೆ ಅಣ್ಣತಮ್ಮಂದಿರಿಬ್ಬರ ಸಹಿ ಬೇಕು. ಅದಕ್ಕೇ ಈ ಭೇಟಿ.

"ಮೊದಲನೇ ಪುಟದಲ್ಲಿ ಹೆಸರು ಹೇಗೆ ಹಾಕೋಣ ಸರ್?" ಎಂದು ಸಂಪಾದಕಿ ಕೇಳಿದ್ದೇ ತಡ, ಬೆಂಕಿ ಹತ್ತಿತು.

"ಕಥೆ, ಚಿತ್ರ, ನಾನು. ಒಂದರಿಂದ ನೂರಹನ್ನೆರಡು," ಎಂದ ಗಂಡ. ಬಲಗೈ ಸ್ವೆಟರಿನ ಜೇಬಿನಲ್ಲೇ ಇತ್ತು.

"ಇಂಕು ಹಾಕಿದವನು ಏನು ಕತ್ತೆ ಕಾಯ್ತಿದ್ನಾ?" ಎಂದ ಮೈದುನ, ಸಂಪಾದಕಿಗೆ. "ಕೇಳಮ್ಮ, ಇವರ ಪೆನ್ಸಿಲು ನೋಡಿದ್ರೆ ಪ್ರೆಸ್ಸಿನ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ರು. ಕುದುರೆಗೆ ಮೊಣಕಾಲು ಎಲ್ಲಿರುತ್ತೆ ಅಂತ ಇವರಿಗೆ ಇವತ್ತಿಗೂ ಗೊತ್ತಿಲ್ಲ."

"ಬರೆದಿಟ್ಟ ಗೆರೆ ಮೇಲೆ ಬ್ರಷ್ ಎಳೆಯೋಕೆ ಏನು ಮಹಾ ವಿದ್ಯೆ ಬೇಕು? ಬೀದಿ ಗೋಡೆಗೆ ಸುಣ್ಣ ಹೊಡೆಯೋನೂ ಮಾಡ್ತಾನೆ."

ಅಕ್ಷರದಮ್ಮ ಬಾಗಿಲಿಗೊರಗಿ ನಿಂತೇ ಇದ್ದಳು. ಅವಳಿಗೆ ಕೂರಲು ಯಾರೂ ಹೇಳಲಿಲ್ಲ. ಅವಳದು ಒಂದೇ ಕಾಯುವಿಕೆ. ಗಂಡ ಇವತ್ತಾದರೂ ಬಾಯಿಬಿಡುತ್ತಾನೆಯೇ ಎಂದು. ಎಂಬತ್ತಮೂರನೇ ಸಂಚಿಕೆ ಮುಗಿದ ತಿಂಗಳು ಅವನ ಬಲಗೈ ನಡುಗಲು ಶುರುವಾಗಿತ್ತು. ಲೋಟ ಹಿಡಿದರೆ ಅರ್ಧ ಚಹಾ ಅಂಗಿಯ ಮೇಲೆ. ನರದ ಕಾಯಿಲೆ, ವಾಸಿಯಾಗುವುದಿಲ್ಲ ಎಂದರು ವೈದ್ಯರು. ಪ್ರೆಸ್ಸಿಗೆ ಗೊತ್ತಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ತಮ್ಮನಿಗೆ ಗೊತ್ತಾದರೆ ಪ್ರೆಸ್ಸಿಗೆ ಗೊತ್ತಾದಂತೆಯೇ. "ಈ ತಿಂಗಳು ಒಂದು ನೀನು ಮಾಡು," ಎಂದಿದ್ದ. ಅವಳು ಮಾಡಿದಳು. ಆ 'ಒಂದು' ಇಪ್ಪತ್ತೊಂಬತ್ತಾಯಿತು. ಎಂಬತ್ತನಾಲ್ಕರಿಂದ ನೂರಹನ್ನೆರಡರವರೆಗೆ ಹರಕುಟೋಪಿಯ ಪ್ರತಿ ಗೆರೆ ಅವಳದು. ಕಥೆ ಅವನದೇ, ಅದನ್ನು ಅವಳು ಒಂದು ದಿನವೂ ಇಲ್ಲವೆಂದವಳಲ್ಲ. ಅವನು ಮಂಚದ ಮೇಲೆ ಮಲಗಿ ಸೂರು ನೋಡುತ್ತ, "ಇಲ್ಲಿ ಷರೀಫ ಬಾಗಿಲು ಒದೀತಾನೆ, ಇಲ್ಲಿ ನಮ್ಮೋನು ಪಿಸ್ತೂಲು ಹಿರೀತಾನೆ," ಎನ್ನುತ್ತಿದ್ದ. ಅವಳು ಕೂತು ಬರೆಯುತ್ತಿದ್ದಳು.

ಬರೆಯುತ್ತ ಬರೆಯುತ್ತ ಹರಕುಟೋಪಿ ಬದಲಾಗಿಬಿಟ್ಟ. ಗಂಡನ ಕೈಯಲ್ಲಿ ಅವನು ಸದಾ ಕಾಲಗಲಿಸಿ, ಎದೆಯುಬ್ಬಿಸಿ, ಯಾರೋ ಫೋಟೋ ತೆಗೆಯುತ್ತಿದ್ದಾರೆಂಬಂತೆ ನಿಲ್ಲುತ್ತಿದ್ದ. ಅವಳು ಅವನನ್ನು ಕೂರಿಸಿದಳು. ಸುಸ್ತಾದ ಮನುಷ್ಯ ಕೂರುವ ಹಾಗೆ, ಮೊಣಕಾಲ ಮೇಲೆ ಮೊಣಕೈ ಊರಿ. ಕುದುರೆಯ ಗೊರಸಿನಿಂದ ಕಲ್ಲು ತೆಗೆಸಿದಳು. ಹೋಟೆಲಿನ ಕಿಟಕಿಯಲ್ಲಿ ನಿಂತು ಬರೀ ಕಿರುಚುತ್ತಿದ್ದ ವಿಧವೆಗೆ ಕೆಳಗಿಳಿದು ಬಂದು ಷರೀಫನ ಮುಖಕ್ಕೆ ಬಾಗಿಲು ಹಾಕುವುದನ್ನು ಕಲಿಸಿದಳು. ಆಮೇಲೆಯೇ ಓದುಗರ ಪತ್ರ ಚೀಲಗಟ್ಟಲೆ ಬರತೊಡಗಿದ್ದು. ಚೀಲಗಳ ಮೇಲೆಲ್ಲ ಗಂಡನ ಹೆಸರಿತ್ತು.

ಜಗಳ ಹುಟ್ಟಿದ್ದೂ ಅಲ್ಲಿಂದಲೇ. ಅಚ್ಚಿನಲ್ಲಿ ಬರಬಾರದ ಸೂಚನೆಗಳನ್ನು ಹಾಳೆಯ ಅಂಚಿನಲ್ಲಿ ನೀಲಿ ಪೆನ್ಸಿಲಿನಲ್ಲಿ ಬರೆಯುವುದು ಅವರ ರೂಢಿ. ಪ್ರೆಸ್ಸಿನ ಕ್ಯಾಮೆರಾಕ್ಕೆ ನೀಲಿ ಕಾಣುವುದಿಲ್ಲ. ಗೆರೆ ಇದ್ದಕ್ಕಿದ್ದಂತೆ ತೆಳುವಾದದ್ದು ಮೈದುನನಿಗೆ ರೇಗಿತ್ತು. 'ಗರಿಯಲ್ಲಿ ಬರೀತಿದ್ದೀಯಾ? ಒತ್ತು.' 'ಕೈಗೆ ಲಕ್ವ ಹೊಡೆದಿದೆಯಾ?' ಎಂದು ನೀಲಿಯಲ್ಲಿ ಬರೆದು ಹಾಳೆ ವಾಪಸು ಕಳಿಸುತ್ತಿದ್ದ. ನೂರಹದಿಮೂರನೆಯದರ ಹಾಳೆಯಲ್ಲಿ ಲಕ್ವದ ಮಾತು ಓದಿದ ದಿನ ಗಂಡ ಪ್ರೆಸ್ಸಿಗೆ ನುಗ್ಗಿ, ತಮ್ಮನ ಇಂಕಿನ ಬಾಟಲಿಗಳನ್ನು ಎಡಗೈಯಿಂದ ಒಂದೊಂದಾಗಿ ಗೋಡೆಗೆ ಬೀಸಿ ಬಂದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ; ಹರಕುಟೋಪಿಯೂ ನೂರಹನ್ನೆರಡಕ್ಕೇ ನಿಂತುಹೋದ. ಏಕೆ ಅಷ್ಟು ಸಿಟ್ಟು ಎಂದು ತಮ್ಮನಿಗೆ ತಿಳಿಯಲಿಲ್ಲ; ತಿಳಿಸುವವರೂ ಇರಲಿಲ್ಲ.

ಇಷ್ಟು ಹೊತ್ತಿಗೆ ಮೈದುನ ಎದ್ದು, ಸಂಪುಟಕ್ಕೆಂದು ತೆಗೆದಿಟ್ಟಿದ್ದ ಮೂಲ ಹಾಳೆಗಳ ಪೆಟ್ಟಿಗೆಗೆ ಕೈಹಾಕಿದ್ದ. ಎರಡು ಹಾಳೆ ಹಿರಿದು ಕಿಟಕಿಗೆ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದ.

"ಇಲ್ಲಿ ಬಾಮ್ಮ. ಇದು ಅರವತ್ತನೇದು. ಪೆನ್ಸಿಲು ಅಳಿಸಿದ್ರೂ ಹಳ್ಳ ಹಾಗೇ ಇದೆ ನೋಡು, ನೇಗಿಲಲ್ಲಿ ಉತ್ತ ಹಾಗೆ. ಇದು ತೊಂಬತ್ತೊಂದು. ಒಂದು ಗೀರಿದ್ರೆ ತೋರಿಸು! ಇಲ್ಲ. ಆಗ ನಾನು ಬೈದೆ, ನಿಜ. ಆಮೇಲೆ ಮನೇಲಿ ಕೂತು ನೋಡ್ದಾಗ ಗೊತ್ತಾಯ್ತು, ಇದಕ್ಕಿಂತ ಒಳ್ಳೇ ಪೆನ್ಸಿಲ್ ಮೇಲೆ ನನ್ನ ಬ್ರಷ್ ಯಾವತ್ತೂ ಓಡಿಲ್ಲ." ಅವನ ದನಿಯಲ್ಲಿ ಹೊಗಳಿಕೆ ಇರಲಿಲ್ಲ, ಹಲ್ಲು ಕೀಳಿಸಿಕೊಳ್ಳುವವನ ಸಂಕಟವಿತ್ತು. "ಇವನ ಕಂಡ್ರೆ ನಂಗಾಗಲ್ಲ. ಆದ್ರೂ ಹೇಳ್ತೀನಿ. ಎಂಬತ್ತನಾಲ್ಕರಿಂದ ಈಚೆಗೆ ಇವನು ಕಲಾವಿದ."

ಅಕ್ಷರದಮ್ಮ ಗಂಡನ ಮುಖ ನೋಡಿದಳು. ಅವನು ಬಾಯಿ ತೆರೆದ.

"ತಡವಾಗಿಯಾದ್ರೂ ಬುದ್ಧಿ ಬಂತಲ್ಲ," ಎಂದ ಗಂಡ.

ಅಷ್ಟೇ. ಹೊಗಳಿಕೆಯನ್ನು ಪೋಸ್ಟ್‌ಮ್ಯಾನ್ ಕೈಯಿಂದ ಕಾಗದ ಇಸಿದುಕೊಂಡಂತೆ ಇಸಿದುಕೊಂಡು ಜೇಬಿಗಿಳಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಅವಳು ಬಾಯಿ ಮುಚ್ಚಿದ್ದು ಅವನ ಮಾನಕ್ಕಾಗಿ, ಅವನ ಕಾಯಿಲೆಗಾಗಿ. ಅದನ್ನು ಅವನು ತನ್ನದೇ ಸಂಪಾದನೆ ಎಂದು ನಂಬಿಬಿಟ್ಟಿದ್ದ.

"ಆ ಗೆರೆ ನಂದು," ಎಂದಳು.

ಮೂವರೂ ತಿರುಗಿದರು.

"ಎಂಬತ್ತನಾಲ್ಕರಿಂದ ಕೊನೇವರೆಗೂ ನಂದು. ಇವರ ಕೈ ಆಗಲೇ ನಡುಗ್ತಿತ್ತು."

ಗಂಡ ಸಂಪಾದಕಿಯತ್ತ ಬಾಗಿ, ಸಮಾಧಾನದ ದನಿಯಲ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡಮ್ಮ. ಇವಳಿಗೆ ಈಚೆಗೆ ಅರಳು ಮರಳು. ಗುಳ್ಳೇಲಿ ಅಕ್ಷರ ಬರೀತಿದ್ಲು, ಈಗ ಎಲ್ಲಾ ತಾನೇ ಮಾಡಿದ್ದು ಅನ್ಸುತ್ತೆ."

ಮೈದುನ ಗಹಗಹಿಸಿ ನಕ್ಕ. "ಅತ್ತಿಗೆ, ನೀವು ಕುದುರೆ ಬಿಡಿಸಿದ್ರಾ? ಹೆಸರಿನ ಆಸೆಗೆ ಇಷ್ಟು ದೊಡ್ಡ ಸುಳ್ಳು ಬೇಕಾಗಿರಲಿಲ್ಲ ಬಿಡಿ."

ಒಬ್ಬ ಹುಚ್ಚಿ ಎಂದ, ಒಬ್ಬ ಸುಳ್ಳಿ ಎಂದ. ಮೂವತ್ತು ವರ್ಷದ ಮೇಲೆ ಅಣ್ಣತಮ್ಮಂದಿರು ಒಂದಾದದ್ದು ಈ ಒಂದು ವಿಷಯಕ್ಕೆ. ಅಕ್ಷರದಮ್ಮ ನಡೆದು ಬಂದು ಸಂಪಾದಕಿಯ ಕೈಯಲ್ಲಿದ್ದ ಪೆನ್ಸಿಲನ್ನು ಕೇಳದೆಯೇ ತೆಗೆದುಕೊಂಡಳು. ಮೇಜಿನ ಮೇಲಿದ್ದ ದೊಡ್ಡ ಲಕೋಟೆಯನ್ನು ಬೋರಲು ಹಾಕಿ, ನಿಂತೇ ಬಗ್ಗಿದಳು.

ಮೊದಲ ಗೆರೆ ಸೊಟ್ಟ ಹೋಯಿತು. ಗಂಡ ಮೂಗಿನಲ್ಲೇ ನಕ್ಕದ್ದು ಕೇಳಿಸಿತು. ಕೈ ಮರೆತಿದ್ದರೆ ಏನು ಗತಿ ಎಂದು ಅವಳಿಗೆ ನಿಜಕ್ಕೂ ಭಯವಾಯಿತು. ಈಗ ಆಗದಿದ್ದರೆ ಸಾಯುವವರೆಗೂ ಈ ಮನೆಯಲ್ಲಿ ಅರಳು ಮರಳಿನವಳೇ. ಎರಡನೆಯ ಗೆರೆ ಹೆಗಲಿನದು. ಮೂರನೆಯದು ಬೆನ್ನು. ಮಂಡಿಯ ಮೇಲೆ ಊರಿದ ಮೊಣಕೈ ಬಂತು. ಒಂದು ಬೂಟು ಕಳಚಿ ಪಕ್ಕದಲ್ಲಿಟ್ಟು, ಇನ್ನೊಂದನ್ನು ಎಳೆಯುತ್ತಿರುವ ಕೈ ಬಂತು. ಮುಖ ಕಾಣಿಸುವುದೇ ಬೇಕಾಗಿರಲಿಲ್ಲ. ಪಕ್ಕದಲ್ಲಿ ಕುದುರೆ, ಮೊಣಕಾಲು ಇರಬೇಕಾದಲ್ಲೇ ಇಟ್ಟುಕೊಂಡು, ತಲೆ ತಗ್ಗಿಸಿ ನಿಂತಿತು.

ಮೈದುನನ ನಗೆ ಯಾವಾಗಲೋ ನಿಂತಿತ್ತು. ಕೊಡೆ ಕೆಳಗೆ ಬಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ. ಅವನ ಬಲಗೈಯ ಮೂರು ಬೆರಳು ತಮ್ಮಷ್ಟಕ್ಕೆ ಕೂಡಿ, ಇಲ್ಲದ ಬ್ರಷ್ಷೊಂದನ್ನು ಹಿಡಿದು, ಅವಳ ಪೆನ್ಸಿಲಿನ ಹಿಂದೆ ಹಿಂದೆ ಗಾಳಿಯಲ್ಲಿ ಹೋಗುತ್ತಿದ್ದವು. ಎರಡೂವರೆ ವರ್ಷ ಈ ಗೆರೆಯ ಬೆನ್ನು ಬಿದ್ದು ಓಡಿದ ಕೈ ಅದು. ಅದಕ್ಕೆ ಸಾಕ್ಷಿ ಬೇಕಾಗಿರಲಿಲ್ಲ.

"ಇದೇ," ಎಂದ. ಆಮೇಲೆ ಮುಖ ಕೆಂಪಾಗಿ ಕೂಗಿದ: "ಇಬ್ರೂ ಸೇರಿ ನಂಗೆ ಟೋಪಿ ಹಾಕಿದ್ರಾ? ಇಪ್ಪತ್ತೊಂಬತ್ತು ಸಂಚಿಕೆ! ನಾನು ನೀಲೀಲಿ ಬರೆದದ್ದೆಲ್ಲ ಓದಿದ್ದು ನೀವಾ?"

"ಓದಿದ್ದೂ ನಾನೇ, ಅಳಿಸಿದ್ದೂ ನಾನೇ. ಲಕ್ವದ್ದು ಮಾತ್ರ ಅಳಿಸೋಕೆ ಮುಂಚೆ ಇವರ ಕೈಗೆ ಸಿಕ್ತು."

ಮೈದುನನ ಕಣ್ಣು ಅಣ್ಣನ ಜೇಬಿನತ್ತ ಹೋಯಿತು, ಬಾಟಲಿಗಳು ಏಕೆ ಒಡೆದವು ಎಂಬುದು ಈಗ ತಿಳಿಯಿತು. ಕ್ಷಮೆ ಕೇಳುವ ಜಾಯಮಾನ ಆ ಮನೆತನದಲ್ಲೇ ಇಲ್ಲ. ಬದಲಿಗೆ ಅವನಿಗೆ ಹೊಸ ಕೋಲು ಸಿಕ್ಕಿತು.

"ಕೇಳಮ್ಮ, ಬರಕೋ," ಎಂದ ಸಂಪಾದಕಿಗೆ. "ಅತ್ತಿಗೆ ಹೆಸರು ಮೊದಲನೇ ಪುಟದಲ್ಲಿ ಬರದಿದ್ರೆ ನನ್ನ ಸಹಿ ಇಲ್ಲ. ಈ ಕಳ್ಳನ ಹೆಸರು ಎಂಬತ್ತಮೂರಕ್ಕೆ ನಿಲ್ಲಲಿ. ಜನ ನೋಡ್ಲಿ, ಎಲ್ಲಿ ನಿಂತಿತು ಅಂತ."

"ನಿಮ್ಮ ಜಗಳಕ್ಕೆ ನನ್ನನ್ನ ಕಲ್ಲು ಮಾಡ್ಕೋಬೇಡಿ," ಎಂದಳು ಅಕ್ಷರದಮ್ಮ. "ಈಗ ತಾನೇ ಸುಳ್ಳಿ ಅಂದ ಬಾಯಿ ಅದು. ನಿಮ್ಮ ಉಪಕಾರ ನಂಗೆ ಬೇಡ."

"ನನ್ನ ಮನೇಲಿ ಕೂತು ನನ್ನ ಮಾನ ಹರಾಜು ಹಾಕ್ತಿದ್ದೀಯಲ್ಲೇ!" ಎಂದು ಗಂಡ ಮೇಜು ಗುದ್ದಿದ, ಎಡಗೈಯಿಂದ. "ಕಥೆ ಯಾರದು? ತಲೆ ಯಾರದು? ನಾನು ಹೇಳಿದ್ದನ್ನ ನೀನು ಬರೆದೆ. ಕೈ ಯಾರದಾದ್ರೇನು?"

"ನಿಮಗೆ ಏನೂ ಇಲ್ಲ. ನಂಗಿದೆ."

ಸಂಪಾದಕಿ ಮೆಲ್ಲಗೆ ಕೆಮ್ಮಿದಳು. ಹೆಸರುಗಳ ಪುಟ ಹೇಗೆ ಬೇಕೋ ಹಾಗೆ ಬದಲಿಸಬಹುದು ಎಂದಳು. ಆದರೆ ಮುಖ್ಯ ಹಕ್ಕು ಅಣ್ಣನ ಹೆಸರಿನಲ್ಲಿದೆ, ಅವರ ಸಹಿ ಹಳೇ ಪ್ರೆಸ್ಸಿನ ಕಡತದ ಸಹಿಗೆ ಹೊಂದಲೇಬೇಕು, ಇಲ್ಲದಿದ್ದರೆ ವಕೀಲರು ಒಪ್ಪುವುದಿಲ್ಲ. ಹೇಳುತ್ತ ಒಪ್ಪಂದದ ಜೊತೆಗೆ ಹಳೇ ಪತ್ರದ ಒಂದು ಪ್ರತಿಯನ್ನೂ ಮೇಜಿನ ಮೇಲಿಟ್ಟಳು. ಅದರ ಕೆಳಗೆ ಆ ಸಹಿ, ಹಗ್ಗ ಬೀಸಿದಂಥ ಬಾಲದೊಂದಿಗೆ ಜೋರಾಗಿ ಕೂತಿತ್ತು. ತಾರೀಖು ತೊಂಬತ್ತನೇ ಸಂಚಿಕೆಯ ತಿಂಗಳಿನದು.

ಗಂಡ ಪೆನ್ನು ತೆಗೆದುಕೊಂಡ. ಜೇಬಿನಿಂದ ಹೊರಬಂದ ಬಲಗೈ ಕಾಗದದ ಮೇಲೆ ಇಳಿಯುವ ಮೊದಲೇ ತೂರಾಡಿತು. ಕಡತದ ಸಹಿಯನ್ನು ನೋಡಿದ. ಮತ್ತೆ ನೋಡಿದ. ಆಮೇಲೆ, ಸಿಟ್ಟು ಇಳಿಯದ ಮುಖದಲ್ಲೇ, ಯಾರ ಕಡೆಯೂ ಕಣ್ಣೆತ್ತದೆ, ಕಾಗದವನ್ನೂ ಪೆನ್ನನ್ನೂ ಹೆಂಡತಿಯ ಮುಂದಕ್ಕೆ ತಳ್ಳಿದ.

"ಹಾಕು," ಎಂದ.

ರೂಢಿ ಅಂಥದು. ಚಿತ್ರ ಹೋದ ದಾರಿಯಲ್ಲೇ ಸಹಿಯೂ ಹೋಗಿತ್ತು. ಮೂವತ್ತು ವರ್ಷದಿಂದ ಪ್ರೆಸ್ಸಿಗೆ, ಅಂಚೆಗೆ, ಆಸ್ಪತ್ರೆಗೆ, ಎಲ್ಲೆಡೆ ಅವನ ಸಹಿ ಹಾಕಿದವಳು ಅವಳೇ. ಎದುರಿಗೆ ಇಬ್ಬರು ಕೂತಿದ್ದಾರೆ ಎಂಬುದು ಅವನಿಗೆ ಒಂದು ಕ್ಷಣ ಮರೆತುಹೋಗಿತ್ತು. ನೆನಪಾದಾಗ ಬಲಗೈಯನ್ನು ಮತ್ತೆ ಜೇಬಿಗೆ ತುರುಕಿದ. ಸಂಪಾದಕಿ ಹಳೇ ಪತ್ರವನ್ನೂ ಅವಳ ಕೈಯನ್ನೂ ನೋಡಿದಳು.

ಅಕ್ಷರದಮ್ಮ ಕುರ್ಚಿ ಎಳೆದುಕೊಂಡು ಕೂತಳು. ಕಣ್ಣು ಮುಚ್ಚಿ ಹಾಕಬಲ್ಲ ಸಹಿ ಅದು. ಅವಳು ಕಣ್ಣು ತೆರೆದುಕೊಂಡು, ಮಾತಿನ ಗುಳ್ಳೆಗಳನ್ನು ತುಂಬುತ್ತಿದ್ದ ದುಂಡು ಅಕ್ಷರಗಳಲ್ಲಿ, ನಿಧಾನವಾಗಿ ತನ್ನ ಹೆಸರನ್ನು ಬರೆದಳು. ಪಕ್ಕದಲ್ಲಿ 'ಚಿತ್ರ, ೮೪ರಿಂದ ೧೧೨' ಎಂದು ಸೇರಿಸಿದಳು. ಆಮೇಲೆ ಅದರ ಮೇಲಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ ಕಾಗದವನ್ನು ಗಂಡನ ಮುಂದಕ್ಕೆ ವಾಪಸು ತಳ್ಳಿದಳು.

"ನಿಮ್ಮದು ನೀವು ಹಾಕಿ. ನಡುಗಿದ್ರೂ ಪರವಾಗಿಲ್ಲ."

ಅವನು ಅವಳನ್ನು ದುರುಗುಟ್ಟಿ ನೋಡಿದ. ಕೊನೆಗೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು, ಕೋಳಿ ಕೆದರಿದಂತೆ ಏನೋ ಗೀಚಿದ. ಯಾವ ಕಡತದಲ್ಲೂ ಇಲ್ಲದ ಸಹಿ ಅದು. ವಕೀಲರಿಗೆ ಏನು ಹೇಳಬೇಕೋ ಸಂಪಾದಕಿಯ ತಲೆನೋವು.

"ಈಗ ಸಮಾಧಾನ ಆಯ್ತಾ ನಿಂಗೆ?" ಎಂದು ಹಲ್ಲು ಕಡಿದ.

"ಆಯ್ತು," ಎಂದಳು ಅವಳು. ಆಗಿತ್ತು ಕೂಡ.