ತ್ರಿವೇಣಿಯ ಬಲಗಣ್ಣಿನಲ್ಲಿ ನಾನು

ನಾನು ಒಂದು ಕಾಂಟ್ಯಾಕ್ಟ್ ಲೆನ್ಸ್. ಹಾಗೆಂದ ಕೂಡಲೇ ಕನ್ನಡಕ ಬಿಟ್ಟು ಚೆಂದ ಕಾಣಲು ಹಾಕಿಕೊಳ್ಳುತ್ತಾರಲ್ಲ, ಅದು ಅಂದುಕೊಳ್ಳಬೇಡಿ. ಆ ಷೋಕಿಯ ಜಾತಿಯೇ ಬೇರೆ. ನನ್ನಲ್ಲಿ ನಂಬರೂ ಇಲ್ಲ, ಬಣ್ಣವೂ ಇಲ್ಲ. ನಾನು ಗಾಯಕ್ಕೆ ಕಟ್ಟುವ ಪಟ್ಟಿ. ಯಾವುದೋ ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿ, ಉಪ್ಪುನೀರಿನ ಪುಟ್ಟ ಡಬ್ಬಿಯಲ್ಲಿ ಕೂತು ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಗೆ ಬಂದೆ. ಕನ್ನಡಕ ಬಿಡಿಸಲು ಲೇಸರ್ ಮಾಡಿದ ಕಣ್ಣಿನ ಮೇಲೆ ಹೊಸ ಮೇಲ್ಪದರ ಬೆಳೆಯುವ ತನಕ ಕಾಯುವುದು, ಆಮೇಲೆ ಕಸದ ಬುಟ್ಟಿ. ಇಷ್ಟೇ ನಮ್ಮ ಬಾಳು.

ನನಗೆ ಸಿಕ್ಕಿದ್ದು ತ್ರಿವೇಣಿಯ ಬಲಗಣ್ಣು. ಹಳಿಯಾಳದ ಕಡೆಯ ಹುಡುಗಿ, ಕುಸ್ತಿ ಆಡುವವಳು. ಕನ್ನಡಕ ಹಾಕಿಕೊಂಡು ಕುಸ್ತಿ ಆಡಲು ಆಗುತ್ತದೆಯೇ? ಎದುರಾಳಿಯ ಕೈ ಎಲ್ಲಿಂದ ಬಂತೆಂದು ಮಂಜುಮಂಜಾಗಿಯೇ ಊಹಿಸಿ ಇಷ್ಟು ವರ್ಷ ಆಡಿದ್ದಳಂತೆ. ಇನ್ನು ಸ್ವಚ್ಛ ಕಣ್ಣಿನಿಂದ ರಾಜ್ಯ ತಂಡದ ಆಯ್ಕೆಗೆ ಹೋಗಬೇಕು, ಅದೊಂದೇ ಆಸೆ. ನೀರು ತಾಗಬಾರದು, ಧೂಳು ಬೀಳಬಾರದು, ಗಾಯ ಮಾಯುವ ಮೊದಲು ನಂಜಾದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೇಳಿದರು. ಪಾಪ, ಎಲ್ಲ ಪಾಲಿಸಿದಳು. ತಲೆಗೆ ನೀರು ಹಾಕಿಕೊಳ್ಳಲಿಲ್ಲ, ಕರಿ ಕನ್ನಡಕ ತೆಗೆಯಲಿಲ್ಲ. ನನ್ನ ಕೆಳಗಿನ ಗಾಯ ಮುಚ್ಚುತ್ತ ಬಂತು. ನನಗೆ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಗರಡಿಮನೆಯ ಪೂಜೆ ಬಂತು. ಅಖಾಡದ ಮಣ್ಣು ಅಗೆದು, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದಮಾಡಿದ್ದರು. ಅವಳಿಗೆ ಕುಸ್ತಿ ಕಲಿಸಿದ ಪರಶುರಾಮ ವಸ್ತಾದರು, ದೂರದಿಂದಲೇ ಕೈಮುಗಿದು ಹೋಗು ಎಂದು ಹೇಳಿಕಳಿಸಿದ್ದರು. ಹೋದಳು. ಹನುಮಪ್ಪನ ಮುಂದೆ ಕರಿ ಕನ್ನಡಕವೇ ಎಂದು ಅದನ್ನು ತೆಗೆದಳು. ಬಗ್ಗಿ ಚಿಟಿಕೆ ಮಣ್ಣು ಹಣೆಗೆ ಹಚ್ಚಿ, ಅದೇ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಯೋಚಿಸಿ ಮಾಡಿದ್ದಲ್ಲ, ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೈ. ಎಡಗಣ್ಣಿನ ಅದೃಷ್ಟ ನೆಟ್ಟಗಿತ್ತು. ಬಲಗಣ್ಣು ತೆರೆದಾಗ ಒಂದು ಕಣ ಜಾರಿ ನನ್ನ ಅಂಚಿನ ಕೆಳಗೆ ನುಗ್ಗಿತು.

ಅಯ್ಯೋ, ನನಗೆ ಬಾಯಿಲ್ಲವಲ್ಲ! ಹೊರಗಿನದನ್ನು ತಡೆಯಲು ಬರುತ್ತದೆ, ಒಳಗೆ ಸೇರಿದ್ದನ್ನು ಹೊರಗೆ ಬಿಡಲು ಬರುವುದಿಲ್ಲ. ಕಣ್ಣೀರು ತೊಳೆಯಲು ನೋಡಿತು, ನಾನೇ ಅಡ್ಡ ಕೂತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಎಂಥ ಹಾಳು ಜನ್ಮ ನನ್ನದು! ಸ್ವಲ್ಪ ನೋವಿರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಅವಳು ಹಲ್ಲುಕಚ್ಚಿ ಸಹಿಸಿದಳು. ಪೈಲ್ವಾನರಿಗೆ ಅದೊಂದು ಕೆಟ್ಟ ಚಾಳಿ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಲ್ಲಿ ಬಿಳಿ ಕಲೆ ಎದ್ದಿತ್ತು. ಧೂಳು, ಮಣ್ಣು ಏನಾದರೂ ಬಿತ್ತೇ ಎಂದು ಡಾಕ್ಟರು ಕೇಳಿಯೇ ಕೇಳಿದರು.

"ಏನೂ ಬಿದ್ದಿಲ್ರಿ," ಅಂದಳು.

ಸುಳ್ಳು ಹೇಳುವ ಹುಡುಗಿಯಲ್ಲ. ಸಾಮಾನ್ಯ ನಂಜೆಂದು ಔಷಧ ಶುರುವಾಯಿತು. ನನ್ನನ್ನು ತೆಗೆದು, ಯಾವ ಕ್ರಿಮಿಯೆಂದು ನೋಡಲು ಗಾಜಿನ ತಟ್ಟೆಯೊಂದರಲ್ಲಿ ಇಟ್ಟರು.

ಕಸದ ಬುಟ್ಟಿಯೇ ವಾಸಿಯಿತ್ತು. ಇಲ್ಲಿ ನನ್ನ ಸುತ್ತ ಬೂದುಬಣ್ಣದ ಬೂಷ್ಟು ಬೆಳೆಯಿತು. ಮಣ್ಣಿನಲ್ಲಿ ಇರುವಂಥದ್ದಂತೆ, ಕೊಟ್ಟ ಔಷಧ ಅದಕ್ಕೆ ನಾಟುವುದಿಲ್ಲವಂತೆ. ಅದು ಗೊತ್ತಾಗುವಷ್ಟರಲ್ಲಿ ಕಲೆ ಅವಳ ಪಾಪೆಯನ್ನೇ ಮುಚ್ಚಿತ್ತು. ಡಾಕ್ಟರು ತಟ್ಟೆಯನ್ನು ಅವಳ ಮುಂದೆ ಹಿಡಿದು, ಈ ಕಣ್ಣಿಗೆ ಇನ್ನು ಬೆಳಕಷ್ಟೇ ತಿಳಿದೀತು, ಕುಸ್ತಿಯ ಮಾತು ಮರೆತುಬಿಡು ಎಂದರು. ಆಮೇಲೆ ಮೆಲ್ಲಗೆ, ಮಣ್ಣು ಬಿದ್ದದ್ದನ್ನು ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

ತ್ರಿವೇಣಿ ಎಡಗಣ್ಣಿನಿಂದ ನನ್ನನ್ನೇ ನೋಡಿದಳು.

"ಮಣ್ಣಲ್ಲರಿ ಅದು," ಅಂದಳು. "ಗರಡಿಮನೀದು. ಕಣ್ಣಿಗೆ ಒತ್ಕೊಂಡಿದ್ದೆ, ಅಷ್ಟ."