ಕಮಲಾಪುರಕ್ಕೆ ಹೋದ ಚಾವಿ

ಭೀಮಬಾಯಿ ಮೆಟ್ಟಿಲು ಗುಡಿಸುತ್ತ ಅರ್ಧಕ್ಕೆ ಬಂದಿದ್ದಳು. ಗುಡಿಸಿದಷ್ಟೂ ಸಿಮೆಂಟಿನ ಪುಡಿ ಮತ್ತೆ ಬಂದು ಕೂರುತ್ತಿತ್ತು. ಸ್ಟೇಶನ್ ಬಜಾರದ ಹಿಂದಿನ ಓಣಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಆಯಾ. ಹಳೆಯ ಎರಡಂತಸ್ತಿನ ಕಟ್ಟಡಕ್ಕೆ ರಿಪೇರಿ ನಡೆದಿತ್ತು. ಒಂದು ಕೋಣೆಯಲ್ಲಿ ಮಗ್ಗಿ, ಪಕ್ಕದ ಕೋಣೆಯಲ್ಲಿ ಸುತ್ತಿಗೆ. ಮುಂದಿನ ಮೆಟ್ಟಿಲ ಕೆಳಗೆ ಮುರಿದ ಬೆಂಚು, ಬಣ್ಣದ ಡಬ್ಬಿ, ಥಿನ್ನರ್ ಕ್ಯಾನು ಒಟ್ಟಿದ್ದರು. ಹಿಂದಿನ ಮೆಟ್ಟಿಲಿಗೆ ಮೇಲಿನ ತುದಿಯಲ್ಲಿ ಹೊಸ ಕಬ್ಬಿಣದ ಜಾಲಿ ಬಾಗಿಲು ಬಂದಿತ್ತು. ಅದಕ್ಕೊಂದು ಅಂಗೈಯಗಲದ ಬೀಗ.

ಆ ಬೀಗ ಹಾಕಿಸಿದವಳು ಭೀಮಬಾಯಿಯೇ. ಹಿಂದಿನ ಓಣಿಯಲ್ಲಿ ಪೋಲಿ ಹುಡುಗರು ಸೈಕಲ್ಲಿಗೆ ಒರಗಿ ನಿಲ್ಲುತ್ತಿದ್ದರು. ಎಂಟನೆಯ ತರಗತಿಯಲ್ಲಿದ್ದ ಅವಳ ಮಗಳು ಜಗದೇವಿಯ ಜಡೆಯ ಮೇಲೆ ಒಬ್ಬ ಹಾಡು ಬೇರೆ ಕಟ್ಟಿದ್ದ. ಅಂದೇ ಹೋಗಿ ಮುಖ್ಯೋಪಾಧ್ಯಾಯಿನಿ ಚಂದ್ರಾಬಾಯಿಯವರ ಮುಂದೆ ಕಣ್ಣೀರು ಹಾಕಿ ಬೀಗ ಹಾಕಿಸಿದ್ದಳು. ಚಾವಿಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಗಂಡ ತೀರಿಕೊಂಡ ಮೇಲೆ ಭೀಮಬಾಯಿಯ ಮನೆಗೆ ಬೀಗವೇ ಗಂಡಸಾಗಿತ್ತು. ಬೆಳಕು ಹರಿಯುವ ಮುಂಚೆ ಶಾಲೆ ಗುಡಿಸಲು ಹೊರಟರೆ, ಮಲಗಿದ ಮಗಳನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದಳು. ಮರಳಿ ಬಂದು ತೆಗೆದಾಗಲೇ ಜಗದೇವಿಗೆ ಬೀದಿ ಕಾಣುವುದು.

"ಭೀಮಕ್ಕಾ, ದೀಪಾವಳಿ ಮದ್ದೇನರ ಕೂಡಿಸಿ ಇಟ್ಟೀರೇನು ಇಲ್ಲಿ?"

ದನಿ ಕೇಳಿ ತಿರುಗಿದಳು. ಓಣಿಯ ಮುನೀರಾ. ಸರಕಾರಿ ದವಾಖಾನೆಯಲ್ಲಿ ಸುಟ್ಟಗಾಯದವರ ವಾರ್ಡಿನ ನರ್ಸ್. ತನ್ನ ಮಗಳು ಮರೆತ ಊಟದ ಡಬ್ಬಿ ಕೊಡಲು ಬಂದವಳು ಥಿನ್ನರ್ ಕ್ಯಾನಿನ ಮುಂದೆ ನಿಂತುಬಿಟ್ಟಿದ್ದಳು.

"ಒಳ್ಳೇದು ನುಡಿಯವ್ವ. ದವಾಖಾನಿ ಕಣ್ಣಿಗೆ ಬರೀ ಸುಟ್ಟದ್ದೇ ಕಾಣ್ತದ."

"ದಿನಾ ನೋಡ್ತೀನಿ, ಅದಕ್ಕ ಕಾಣ್ತದ. ಇಲ್ಲಿ ಬೆಂಕಿ ಹತ್ತಿದ್ರ ಮ್ಯಾಲಿನ ಹುಡುಗ್ಯಾರು ಎಲ್ಲಿಂದ ಇಳೀಬೇಕು?"

"ಹಿಂದಿನ ಮೆಟ್ಟಲ ಅದಲ್ಲ?"

"ಅದಕ್ಕ ಕೀಲಿ ಹಾಕೀರಲ್ಲ?"

ಭೀಮಬಾಯಿ ಸೊಂಟ ತಟ್ಟಿ ತೋರಿಸಿದಳು. "ಚಾವಿ ಇಲ್ಲೇ ಅದ. ಎಲ್ಲೂ ಹೋಗಂಗಿಲ್ಲ."

"ಚಾವಿ ಹೋಗಂಗಿಲ್ಲ ಖರೇ. ನೀ ಹೋಗ್ತೀಯಲ್ಲ, ಅಕ್ಕಾ?"

ರಿಪೇರಿ ಗುತ್ತೇದಾರ ಧರ್ಮಣ್ಣ ಅಲ್ಲೇ ನಿಂತು ಕೇಳುತ್ತಿದ್ದ. "ಸಿಸ್ಟರ್, ಇದೇನು ಹೊಸಾ ಬಿಲ್ಡಿಂಗ್ ಅಲ್ಲ. ಬರೇ ರಿಪೇರಿ. ಇದಕ್ಕ ಯಾರಿಗಿ ತೋರಿಸೂದು?"

"ಬೆಂಕಿಗಿ ಹೊಸಾದು ಹಳೇದು ಅಂತ ಗೊತ್ತಾಗ್ತದೇನ್ರಿ? ಬಾಗಿಲಾ, ಮೆಟ್ಟಲಾ ಬದಲಿ ಮಾಡೀರಿ. ಇಂಜಿನಿಯರ್ ನೋಡಬೇಕು, ಅಗ್ನಿಶಾಮಕದವರು ನೋಡಬೇಕು."

ಧರ್ಮಣ್ಣ ನಕ್ಕ. ಭೀಮಬಾಯಿಯೂ ನಕ್ಕಳು. ಓದಿದವರಿಗೆ ಹೆದರಿಕೆ ಜಾಸ್ತಿ ಎಂದುಕೊಂಡು ಮತ್ತೆ ಕಸಬರಿಗೆ ಹಿಡಿದಳು.

ಆ ವಾರವೇ ಕಮಲಾಪುರದಲ್ಲಿ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯ ಬಂತು. ಭೀಮಬಾಯಿ ರಜೆ ಹಾಕಿ, ಜಗದೇವಿಯನ್ನು ಶಾಲೆಗೆ ಬಿಟ್ಟು ಬೆಳಗಿನ ಬಸ್ಸು ಹತ್ತಿದಳು. ಮಗುವಿಗೆ ಉಡದಾರ ಕಟ್ಟಲು ಬಾಗಿದಾಗ ಸೊಂಟದ ಚಾವಿ ಜಾರಿ ತೊಟ್ಟಿಲಿಗೆ ಟಣ್ಣೆಂದು ಬಡಿಯಿತು. ಮಗು ಅದಕ್ಕೆ ಕೈ ಚಾಚಿತು.

"ಅಯ್ಯ ಅಕ್ಕಾ, ಸಾಲೀನೇ ಸೊಂಟಕ್ಕ ಕಟಗೊಂಡು ಬಂದೀಯೇನ?" ತಂಗಿ ಅಂದಳು. ಸುತ್ತಲಿನ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಭೀಮಬಾಯಿಗೆ ನಗು ಬರಲಿಲ್ಲ. ಮುನೀರಾ ಅಂದದ್ದು ನೆನಪಾಯಿತು: ನೀ ಹೋಗ್ತೀಯಲ್ಲ, ಅಕ್ಕಾ? ಚಾವಿಯ ಕಬ್ಬಿಣ ಮೈಗೆ ತಣ್ಣಗೆ ತಾಗಿತು. ಎಲೆ ಹಾಕುವ ಹೊತ್ತಿಗೆ ಅವಳು ಎದ್ದುನಿಂತಿದ್ದಳು. "ಉಂಡು ಹೋಗವ್ವ" ಎಂದು ತಂಗಿ ಜಗ್ಗಿದರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಬಂದ ತಂಗಿ ಜಗದೇವಿಗೆಂದು ಕೆಂಪು ಬಾಳೆಹಣ್ಣಿನ ಚಿಪ್ಪೊಂದನ್ನು ಮಡಿಲಿಗೆ ಹಾಕಿದಳು. ಬಸ್ಸು ಎತ್ತಿನಗಾಡಿಯಂತೆ ಹೋಗುತ್ತಿದೆ ಎಂದು ದಾರಿಯುದ್ದಕ್ಕೂ ಅನಿಸಿತು.

ಶಾಲೆಯ ಓಣಿಯ ತುಂಬ ಜನ. ಮುಂದಿನ ಗೋಡೆ ಕಪ್ಪಾಗಿತ್ತು. ಬೆಂಕಿಯ ಗಾಡಿ ಆಗಲೇ ನೀರು ಹೊಡೆದು ಮುಗಿಸಿತ್ತು. ಭೀಮಬಾಯಿ ಜನರನ್ನು ದೂಡಿಕೊಂಡು ಮುಂದೆ ನುಗ್ಗಿದಳು.

"ಅವ್ವಾ!"

ಎದುರು ಮನೆಯ ಕಟ್ಟೆಯ ಮೇಲೆ ಜಗದೇವಿ ಕೂತಿದ್ದಳು. ಮುಖವೆಲ್ಲ ಮಸಿ. ಎಡ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಪಕ್ಕದಲ್ಲಿ ಮುನೀರಾ ಆ ಕೈಯ ಮೇಲೆ ಮೆಲ್ಲಗೆ ನೀರು ಸುರಿಯುತ್ತಿದ್ದಳು. "ಶಾಯಿ, ಪೇಸ್ಟು ಏನೂ ಹಚ್ಚಬ್ಯಾಡ ಭೀಮಕ್ಕಾ. ಮೊದಲು ತಣ್ಣೀರು. ಎಲ್ಲಾ ಹುಡುಗ್ಯಾರೂ ಬದುಕ್ಯಾರ, ಅಳಬ್ಯಾಡ."

ಮುಂದಿನ ಮೆಟ್ಟಿಲ ಕಟಕಟೆಗೆ ವೆಲ್ಡಿಂಗ್ ಮಾಡುವಾಗ ಕಿಡಿ ಹಾರಿ ಥಿನ್ನರಿಗೆ ಬಿದ್ದಿತ್ತು. ಮೆಟ್ಟಿಲ ತುಂಬ ಹೊಗೆ; ಇಳಿಯಲು ಹೋದ ಜಗದೇವಿಯ ಅಂಗೈ ಕಾದ ಕಟಕಟೆಗೆ ತಾಗಿ ಸುಟ್ಟಿತ್ತು. ಮೇಲಿದ್ದ ಹುಡುಗಿಯರು ಹಿಂದಿನ ಮೆಟ್ಟಿಲಿಗೆ ಓಡಿದರು. ಅಲ್ಲಿ ಬೀಗ.

"ಕೆಲಸದವರು ಹೊರಗಿಂದ ಬಂದು ಕೀಲಿ ಒಡದ್ರವ್ವ," ಜಗದೇವಿ ಬಿಕ್ಕುತ್ತ ಹೇಳಿದಳು. "ಆದ್ರೂ ಬಾಗಿಲಾ ತೆಗೀಲಿಲ್ಲ. ಅದು ಒಳಗ ತೆಗೆಯೋ ಬಾಗಿಲಾ. ನಾವೆಲ್ಲಾ ಬಂದು ಒತ್ತಿ ನಿಂತಿದ್ವಿ. ಹಿಂದ ಸರೀರಿ, ಹಿಂದ ಸರೀರಿ ಅಂತ ನಾ ಒದರಿದೆ. ಸರಿದ ಮ್ಯಾಲೆ ತೆಗೀತು."

ಸ್ವಲ್ಪ ತಡೆದು ಅಂದಳು, "ಮೊದಲು ಎಲ್ಲರೂ ನಿನ್ನ ಹೆಸರೇ ಒದರಿದ್ವಿ. ಭೀಮವ್ವ ಚಾವಿ ತಗೊಂಡು ಬರ್ತಾಳ ಅಂತ."

ಭೀಮಬಾಯಿ ಮಡಿಲಿನ ಬಾಳೆಹಣ್ಣು ಸುಲಿದು ಮಗಳ ಬಾಯಿಗಿಟ್ಟಳು.

ಮರುದಿನ ಶಾಲೆಯ ಅಂಗಳದಲ್ಲಿ ತಾಯಂದಿರು ಸೇರಿದರು. ಚಂದ್ರಾಬಾಯಿಯವರು ಎದ್ದುನಿಂತು, "ಹುಡುಗ್ಯಾರ ಮಾನ ಕಾಯಬೇಕು ಅಂತ ಕೀಲಿ ಹಾಕಿಸಿದೆ. ಜೀವದ ಮಾತು ತಲಿಗೇ ಹೊಳೀಲಿಲ್ಲ. ರಿಪೇರಿ ಅಂತ ಯಾರಿಗೂ ತೋರಿಸಲೂ ಇಲ್ಲ" ಎಂದರು. ಧರ್ಮಣ್ಣ ತಲೆ ಎತ್ತಲಿಲ್ಲ.

ಆದರೆ ಭೀಮಬಾಯಿಗೆ ಒಂದು ಗಂಟು ಬಿಚ್ಚಿರಲಿಲ್ಲ. ಚಂದ್ರಾಬಾಯಿಯವರ ಕಡೆ ತಿರುಗಿ ಕೇಳಿದಳು, "ಬಾಯಾರ, ಕೀಲಿ ತೆಗದ್ರ ಓಣಿ ಹುಡುಗರಿಗಿ ಯಾರು ತಡೀತಾರ್ರಿ? ಬೆಂಕಿ ಒಂದಿನ ಬರ್ತದ. ಅವರು ದಿನಾ ಬರ್ತಾರ."

ಯಾರೂ ನಗಲಿಲ್ಲ. ಅದು ಎಲ್ಲ ತಾಯಂದಿರ ಮನಸ್ಸಿನ ಮಾತಾಗಿತ್ತು.

"ಖರೇ ಅದ ಅಕ್ಕಾ," ಮುನೀರಾ ಅಂದಳು. "ಅದಕ್ಕ ಒಳಗ ಚಿಲಕ ಹಾಕಸ್ರಿ, ಕೀಲಿ ಬ್ಯಾಡ. ಜಾಲಿಯೊಳಗ ಕೈ ಹಾಕಬಾರದು ಅಂತ ತಗಡು ಬಡೀರಿ. ಹೊರಗಿನವ ಬರಾಕ ಆಗಬಾರದು, ಒಳಗಿನವರಿಗಿ ಹೋಗಾಕ ಬರಬೇಕು. ಸಾಲಿ ಬಿಡೂ ಹೊತ್ತಿಗೆ ಓಣ್ಯಾಗ ಇಬ್ಬರು ಟೀಚರ್ ನಿಂದರಲಿ. ಪೋಲಿ ಹುಡುಗರಿಗಿ ಅಂಜಿ ನಮ್ಮ ಮಕ್ಕಳನ್ನ ನಾವೇ ಕೂಡಿ ಹಾಕೂದೇನು?"

ಭೀಮಬಾಯಿ ಸೊಂಟದಿಂದ ಚಾವಿ ಬಿಚ್ಚಿ ಮೇಜಿನ ಮೇಲಿಟ್ಟಳು.

ಅಗ್ನಿಶಾಮಕದವರೂ ಇಂಜಿನಿಯರೂ ಬಂದು ಮೂಲೆ ಮೂಲೆ ನೋಡಿದರು. ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಮೆಟ್ಟಿಲ ಕೆಳಗೆ ಒಂದು ಕಡ್ಡಿಯೂ ಇಲ್ಲ. ಬೆಸುಗೆಯ ಕೆಲಸ ಶಾಲೆ ಬಿಟ್ಟ ಮೇಲೆಯೇ, ಅದೂ ಮರಳಿನ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡು. ತಿಂಗಳಿಗೊಮ್ಮೆ ತಾಲೀಮಿಗೆಂದು ಗಂಟೆ ಬಿಡದೆ ಮೊಳಗುತ್ತದೆ. ಆಗ ಹುಡುಗಿಯರು ಸಾಲಾಗಿ ಎರಡೂ ಮೆಟ್ಟಿಲಿಂದ ಇಳಿದು ಅಂಗಳಕ್ಕೆ ಬರುತ್ತಾರೆ. ಆ ಗಂಟೆ ಬಾರಿಸುವವಳು ಭೀಮಬಾಯಿ.

ಅಕ್ಕತಂಗಿಯರೇ, ನಿಮ್ಮೂರ ಶಾಲೆಯಲ್ಲೂ ರಿಪೇರಿ ನಡೆದಿರಬಹುದು. ಹೊಸ ಬಣ್ಣ ನೋಡಿ ಸಂತೋಷಪಡಿ, ಆದರೆ ಅಷ್ಟಕ್ಕೇ ಮರಳಿ ಬರಬೇಡಿ. ಒಳಗೆ ಹೋಗಿ. ಇಳಿಯಲು ಎರಡನೆಯ ದಾರಿ ಎಲ್ಲಿದೆ ಎಂದು ಕೇಳಿ. ಅದಕ್ಕೆ ಬೀಗವಿದ್ದರೆ ತೆಗೆಸಿ. ಬಾಗಿಲನ್ನು ನೀವೇ ದೂಡಿ ನೋಡಿ. ಈ ಕೆಲಸವನ್ನು ಬಲ್ಲವರು ಬಂದು ನೋಡಿದ್ದಾರೆಯೇ ಎಂದು ಕೇಳಲು ನಾಚಬೇಡಿ. ಓದು ಬರದಿದ್ದರೂ ಕೇಳಬಹುದು; ಮಗು ನಿಮ್ಮದು. ಬೆಂಕಿ ಕಂಡರೆ ಮೊದಲು ಮಕ್ಕಳನ್ನು ಹೊರಗೆ ಕರೆತನ್ನಿ, ಕೂಡಲೇ 101ಕ್ಕೆ ಫೋನು ಮಾಡಿಸಿ.

ಇನ್ನು ಭೀಮಬಾಯಿಯ ಮಾತು. ಸಭೆಯಾದ ಮರುದಿನ ನಸುಕಿನಲ್ಲಿ ಎಂದಿನಂತೆ ಶಾಲೆಗೆ ಹೊರಟಳು. ಬಾಗಿಲು ಎಳೆದು, ಕೊಂಡಿ ಹಾಕಿ, ಮನೆಯ ಬೀಗ ಕೈಗೆತ್ತಿಕೊಂಡಳು. ಒಳಗೆ ಜಗದೇವಿ ಎದ್ದು ಚಹಾಕ್ಕೆ ಸ್ಟೋ ಪಂಪು ಮಾಡುತ್ತಿರುವ ಸದ್ದು ಕೇಳಿಸಿತು. ಭೀಮಬಾಯಿ ಬೀಗವನ್ನು ಸೆರಗಿನಡಿ ಸೇರಿಸಿದಳು. ಆಮೇಲೆ ಕೊಂಡಿ ತೆಗೆದಳು.

"ಜಗದೇವೀ, ಒಳಗಿಂದ ಚಿಲಕ ಹಾಕ್ಕೋ."

"ಯಾಕವ್ವ? ಕೀಲಿ?"

ಭೀಮಬಾಯಿ ಒಳಗೆ ಚಿಲಕ ಬಿದ್ದ ಸದ್ದು ಕೇಳುವವರೆಗೆ ನಿಂತಿದ್ದಳು. ಓಣಿಯ ತಿರುವಿನ ಹಾಳು ಬಾವಿಯ ಬಳಿ ಬಂದಾಗ ಸೆರಗಿನಡಿಯಿಂದ ಬೀಗ ತೆಗೆದು ಒಳಗೆ ಬಿಟ್ಟಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಶಾಲೆಯ ಕಡೆ ನಡೆದಳು.